ಫೋನಿನಿಂದ ಬಾರದ ದನಿ

ಫೋನಿನ ಪುಟ್ಟ ಸ್ಪೀಕರಿನಲ್ಲಿ ಅಮೆರಿಕದ ಟೆಂಪ್ಟೇಷನ್ಸ್ ಗಾಯಕ ತಂಡದ ಹಳೇ ಹಾಡೊಂದನ್ನು ಹಾಕಿ, ಎಲ್ಲ ದನಿಗಳಿಗಿಂತ ಕೆಳಗೆ ಗುಂಯ್ ಅನ್ನುವ ಒಂದು ದನಿಯನ್ನು ಹುಡುಕಿ. ಸಿಗುತ್ತದೆ. ತಮಾಷೆ ಏನಪ್ಪಾ ಅಂದ್ರೆ, ಆ ದನಿಯ ಮೂಲ ಕಂಪನ ನಿಮ್ಮ ಫೋನಿನಿಂದ ಹೆಚ್ಚುಕಡಿಮೆ ಹೊರಗೇ ಬಂದಿಲ್ಲ. ಬಂದಿದ್ದು ಅದರ ಮೇಲಿನ ಚೂರುಪಾರು ಮಾತ್ರ, ಉಳಿದದ್ದನ್ನು ಸೇರಿಸಿಕೊಂಡದ್ದು ನಿಮ್ಮ ತಲೆ.

ಆ ದನಿ ಮೆಲ್ವಿನ್ ಫ್ರಾಂಕ್ಲಿನ್‌ನದು. ಹುಟ್ಟಿದ್ದು 1942ರಲ್ಲಿ ಅಮೆರಿಕದ ಅಲಬಾಮಾ ರಾಜ್ಯದ ಮಾಂಟ್‌ಗಮರಿಯಲ್ಲಿ, ಬೆಳೆದದ್ದು ಡೆಟ್ರಾಯಿಟ್‌ನಲ್ಲಿ. ಅಲ್ಲೇ 1961ರಲ್ಲಿ ಗೆಳೆಯ ಓಟಿಸ್ ವಿಲಿಯಮ್ಸ್ ಮತ್ತಿತರರ ಜೊತೆ ಸೇರಿ ಟೆಂಪ್ಟೇಷನ್ಸ್ ಕಟ್ಟಿದ. ಐದು ಜನ, ಐದು ಥರದ ಕಂಠ. ಬೆರಿ ಗಾರ್ಡಿಯ ಮೋಟೌನ್ ರೆಕಾರ್ಡ್ ಕಂಪನಿ ಅವರನ್ನು ತೆಗೆದುಕೊಂಡಿತು, ಆದರೆ ಮೊದಲ ಎರಡು ಮೂರು ವರ್ಷ ದೊಡ್ಡದಾಗಿ ಓಡಿದ ಹಾಡು ಒಂದೂ ಇಲ್ಲ. ‘ಹಿಟ್‌ಲೆಸ್ ಟೆಂಪ್ಟೇಷನ್ಸ್’ ಅಂತ ಕಾಲೆಳೆಯುತ್ತಿದ್ದರಂತೆ! 1964ರಲ್ಲಿ ತಂಡದ ಎಡ್ಡಿ ಕೆಂಡ್ರಿಕ್ಸ್‌ನ ಎತ್ತರದ ದನಿಯ ಹಾಡೊಂದು ಗೆದ್ದಿತು. 1965ರ ಮಾರ್ಚ್‌ನಲ್ಲಿ ತಂಡದ ಇನ್ನೊಬ್ಬ ಗಾಯಕ ಡೇವಿಡ್ ರಫಿನ್ ಮುಂದೆ ನಿಂತು ಹಾಡಿದ ‘ಮೈ ಗರ್ಲ್’ ಅಮೆರಿಕದ ಪಟ್ಟಿಯಲ್ಲಿ ಒಂದನೇ ಜಾಗಕ್ಕೆ ಹೋಯಿತು. ಫ್ರಾಂಕ್ಲಿನ್ ಮಾತ್ರ ಯಾವಾಗಲೂ ಹಿಂದೆ, ಕೆಳಗೆ.

ಕೆಳಗೆ ಹಾಡುವುದು ಅಂದರೆ ಏನು? ಗಂಟಲಮಣಿಯ ಹಿಂದೆ ಎರಡು ಮಡಿಕೆಗಳಿವೆ. ಧ್ವನಿತಂತು ಅಂತ ಕರೆಯುತ್ತೇವೆ, ನಿಜದಲ್ಲಿ ತಂತಿಯೇನೂ ಅಲ್ಲ, ಸ್ನಾಯುವಿನ ಮೇಲೆ ಮೆತ್ತನೆಯ ಪದರ. ಉಸಿರು ಹೊರಗೆ ಬರುವಾಗ ಅವು ಬಡಿದುಕೊಳ್ಳುತ್ತವೆ. ಗಂಡಸರಲ್ಲಿ ಇವುಗಳ ಉದ್ದ ಸುಮಾರು 17ರಿಂದ 25 ಮಿಲಿಮೀಟರ್, ಹೆಂಗಸರಲ್ಲಿ ಅದಕ್ಕಿಂತ ಕಡಿಮೆ. ಹರೆಯಕ್ಕೆ ಬಂದಾಗ ಟೆಸ್ಟೊಸ್ಟಿರೋನ್ ಹಾರ್ಮೋನು ಹುಡುಗರ ಮಡಿಕೆಗಳನ್ನು ಉದ್ದ ಮಾಡುತ್ತದೆ, ದಪ್ಪ ಮಾಡುತ್ತದೆ, ದನಿ ಒಡೆಯುತ್ತದೆ. ಉದ್ದ, ದಪ್ಪ, ಸಡಿಲ ಆದಷ್ಟೂ ಕಂಪನ ನಿಧಾನ. ಸಾಮಾನ್ಯ ಗಂಡಸು ಮಾತಾಡುವಾಗ ಸೆಕೆಂಡಿಗೆ ಸುಮಾರು 120 ಸಲ ಬಡಿದುಕೊಂಡರೆ, ತೀರಾ ತಗ್ಗು ದನಿಯ ಬೇಸ್ ಗಾಯಕ 80 ಹರ್ಟ್ಜ್‌ಗೆ, ಅಂದರೆ ಸೆಕೆಂಡಿಗೆ 80 ಸಲಕ್ಕೆ, ಅದಕ್ಕೂ ಕೆಳಕ್ಕೆ ಇಳಿಯುತ್ತಾನೆ.

ಕೆಂಡ್ರಿಕ್ಸ್ ಮಾಡುತ್ತಿದ್ದದ್ದು ಇದರ ಪೂರ್ತಿ ಉಲ್ಟಾ. ಮಡಿಕೆಗಳನ್ನು ತೆಳ್ಳಗೆ ಎಳೆದು ಬರೀ ಅಂಚು ಮಾತ್ರ ಅದುರುವ ಹಾಗೆ ಹಾಡುವುದು, ಫಾಲ್ಸೆಟೊ. ನಮ್ಮ ಕಡೆ ಸಂಗೀತದ ಮೇಷ್ಟ್ರು ಇದಕ್ಕೆ ‘ಕಳ್ಳಕಂಠ’ ಅಂತ ಬೈಯುತ್ತಾರೆ. ಡೆಟ್ರಾಯಿಟ್‌ನಲ್ಲಿ ಅದೇ ಕಳ್ಳಕಂಠಕ್ಕೆ ಜನ ಕಿರುಚಾಡುತ್ತಿದ್ದರು.

ಕೆಳಗಿನ ದನಿಗೆ ಇನ್ನೊಂದು ಕಷ್ಟ ಇದೆ. ಸಡಿಲ ಮಡಿಕೆಗಳ ಮೇಲೆ ಜೋರಾಗಿ ಉಸಿರು ನೂಕಿದರೆ ಶ್ರುತಿ ಮೇಲಕ್ಕೆ ಜಾರುತ್ತದೆ, ಹಾಗಾಗಿ ತೀರಾ ಕೆಳಗೆ ಇಳಿದು ಕೂಗಲು ಆಗುವುದಿಲ್ಲ. ಸಾಲದ್ದಕ್ಕೆ ನಮ್ಮ ಕಿವಿ ತಗ್ಗು ಶಬ್ದಕ್ಕೆ ಸ್ವಲ್ಪ ಮಂದ. ಇಲ್ಲಿ ಕೈಹಿಡಿದದ್ದು ಮೈಕು. ಒಂದು ದಿಕ್ಕಿನ ಶಬ್ದವನ್ನೇ ಜಾಸ್ತಿ ಹಿಡಿಯುವ ಮೈಕಿಗೆ ಬಾಯಿ ಹತ್ತಿರ ತಂದರೆ ತಗ್ಗು ಕಂಪನಗಳು ತಾವಾಗಿಯೇ ಉಬ್ಬುತ್ತವೆ. ಬೇಸ್ ಗಾಯಕರು ಮೈಕನ್ನು ನುಂಗುವ ಹಾಗೆ ಹತ್ತಿರ ಬರುವುದು ಸುಮ್ನೆ ಸ್ಟೈಲಿಗಲ್ಲ.

ಇಷ್ಟೆಲ್ಲ ಒದ್ದಾಡಿ ಆ ದನಿ ಯಾಕೆ ಬೇಕು? ಒಂದು ಸ್ವರ ಯಾವತ್ತೂ ಒಂಟಿಯಲ್ಲ. ಒಬ್ಬ 100 ಹರ್ಟ್ಜ್‌ನಲ್ಲಿ ಹಾಡಿದರೆ 200, 300, 400 ಹೀಗೆ ಮೇಲೆ ಹಾರ್ಮೋನಿಕ್‌ಗಳ ಏಣಿಯೇ ಇರುತ್ತದೆ. ಪಕ್ಕದವನು 150ರಲ್ಲಿ ಹಾಡಿದರೆ ಅವನ ಎರಡನೇ ಮೆಟ್ಟಿಲು 300, ಇಬ್ಬರದೂ ಅಲ್ಲಿ ಸರಿಯಾಗಿ ಕೂರುತ್ತದೆ. ಅವನು 151ಕ್ಕೆ ಜಾರಿದನೋ, 302 ಮತ್ತು 300 ಜಗಳವಾಡಿ ಸೆಕೆಂಡಿಗೆ ಎರಡು ಸಲ ‘ವವ್ ವವ್’ ಅನ್ನುತ್ತವೆ. ತಂಬೂರಿ ಶ್ರುತಿ ಮಾಡಿದವರಿಗೆ ಈ ಅಲೆ ಗೊತ್ತು, ಅಲ್ವಾ? ಏಣಿಯ ಬುಡ ಬೇಸ್ ಗಾಯಕನ ಕೈಯಲ್ಲಿರುತ್ತದೆ. ಅವನು ಅಲುಗಿದರೆ ಮೇಲಿನ ನಾಲ್ಕು ಜನ ಎಷ್ಟು ಚೆನ್ನಾಗಿ ಹಾಡಿದರೂ ದಕ್ಕುವುದಿಲ್ಲ.

ಈಗ ಮತ್ತೆ ಫೋನಿಗೆ ಬರೋಣ. 1960ರ ದಶಕದ ಹುಡುಗರು ಈ ಹಾಡುಗಳನ್ನು ಕೇಳಿದ್ದು ಕಾರಿನ ರೇಡಿಯೊದಲ್ಲಿ, ಅಂಗೈಯಗಲದ ಟ್ರಾನ್ಸಿಸ್ಟರಿನಲ್ಲಿ. ಮೋಟೌನ್‌ನವರೂ ರೆಕಾರ್ಡಿಂಗನ್ನು ಬೇಕಂತಲೇ ಕಾರ್ ರೇಡಿಯೊದಂಥ ಚಿಕ್ಕ ಸ್ಪೀಕರಿನಲ್ಲಿ ಹಾಕಿ ಪರೀಕ್ಷೆ ಮಾಡುತ್ತಿದ್ದರು. ಅಂಥ ಸ್ಪೀಕರಿಗೆ 80 ಹರ್ಟ್ಜ್ ಎಲ್ಲಿಂದ ಬರಬೇಕು, ಅಷ್ಟು ಗಾಳಿ ತಳ್ಳುವ ತಾಕತ್ತೇ ಅದಕ್ಕಿಲ್ಲ. ಆದರೆ ಅದರ ಏಣಿಯ ಮೇಲಿನ ಮೆಟ್ಟಿಲುಗಳಾದ 240, 320, 400 ಬರುತ್ತವೆ. ಇವುಗಳ ನಡುವಿನ ಅಂತರ ಎಲ್ಲ ಕಡೆ 80. ಮಿದುಳು ಆ ಅಂತರ ಹಿಡಿದು ‘ಓ, ಇದು 80ರ ಮನೆಯವರು’ ಅಂತ ತೀರ್ಮಾನಿಸುತ್ತದೆ, ಇಲ್ಲದ ಸ್ವರ ಕೇಳಿಸುತ್ತದೆ. ಹಳೇ ಲ್ಯಾಂಡ್‌ಲೈನ್ ನೆನಪಿದೆಯಾ? ಅದು 300 ಹರ್ಟ್ಜ್‌ಗಿಂತ ಕೆಳಗಿನದನ್ನು ಹೆಚ್ಚುಕಡಿಮೆ ಕತ್ತರಿಸಿಯೇ ಕಳಿಸುತ್ತಿತ್ತು. ಆದರೂ ಅಪ್ಪನ ದನಿ ಅಪ್ಪನದಾಗಿಯೇ ಕೇಳುತ್ತಿತ್ತು.

ಫ್ರಾಂಕ್ಲಿನ್ ಮುಂದೆ ಬಂದದ್ದು ಕಡಿಮೆ. 1960ರ ದಶಕದ ಕೊನೆಗೆ ನಾರ್ಮನ್ ವಿಟ್‌ಫೀಲ್ಡ್ ಎಂಬ ನಿರ್ಮಾಪಕ ಐದೂ ಜನಕ್ಕೆ ಒಂದೊಂದು ಸಾಲು ಹಂಚಿದ. 1970ರ ‘ಬಾಲ್ ಆಫ್ ಕನ್‌ಫ್ಯೂಷನ್’ನಲ್ಲಿ ಎಲ್ಲರೂ ಗಲಾಟೆ ಎಬ್ಬಿಸಿ ನಿಲ್ಲಿಸಿದಾಗ ಈತ ನೆಲದೊಳಗಿಂದ ಒಂದೇ ಒಂದು ಸಾಲು ಹೇಳುತ್ತಾನೆ. ನನಗೆ ಇಡೀ ಹಾಡಿನಲ್ಲಿ ಆ ಸಾಲೇ ಸಾಕು.

ಆ ಹೊತ್ತಿಗಾಗಲೇ ಆತನಿಗೆ ರುಮಟಾಯ್ಡ್ ಸಂಧಿವಾತ ಶುರುವಾಗಿತ್ತು. ಮೈಯ ರಕ್ಷಣಾ ವ್ಯವಸ್ಥೆ ತನ್ನ ಕೀಲುಗಳ ಮೇಲೆ ತಾನೇ ಬೀಳುವ ಕಾಯಿಲೆ ಅದು. ಟೆಂಪ್ಟೇಷನ್ಸ್ ಅಂದರೆ ಬರೀ ಹಾಡಲ್ಲ, ಸೂಟು ಹಾಕಿ ಐದೂ ಜನ ಒಂದೇ ತಾಳಕ್ಕೆ ಕುಣಿಯಬೇಕು. ಕಾರ್ಟಿಸೋನ್ ಇಂಜೆಕ್ಷನ್ ಚುಚ್ಚಿಸಿಕೊಂಡು ಕುಣಿದ. ಆ ಔಷಧ ನೋವು, ಊತ ಇಳಿಸುತ್ತದೆ ನಿಜ, ಜೊತೆಗೆ ಸೋಂಕಿನ ವಿರುದ್ಧದ ಶಕ್ತಿಯನ್ನು ಕುಗ್ಗಿಸುತ್ತದೆ, ರಕ್ತದ ಸಕ್ಕರೆ ಏರಿಸುತ್ತದೆ. ಮುಂದೆ ಮಧುಮೇಹವೂ ಬಂತು. 1978ರಲ್ಲಿ ತನ್ನ ಕಾರು ಕದಿಯಲು ಬಂದವನನ್ನು ತಡೆಯಲು ಹೋಗಿ ಗುಂಡೇಟನ್ನೂ ತಿಂದ. 1995ರ ಫೆಬ್ರವರಿ 23ರಂದು ತೀರಿಕೊಂಡಾಗ ವಯಸ್ಸು 52.

ಆತ ಹಾಡಿದ ಮೂವತ್ತಮೂರು ವರ್ಷಗಳಲ್ಲಿ ತಂಡ ಎಷ್ಟು ಬದಲಾಯಿತು ನೋಡಿ. ರಫಿನ್‌ನನ್ನು 1968ರಲ್ಲಿ ತೆಗೆದುಹಾಕಿದರು, ಡೆನಿಸ್ ಎಡ್ವರ್ಡ್ಸ್ ಬಂದ. ಕೆಂಡ್ರಿಕ್ಸ್ 1971ರಲ್ಲಿ ಬಿಟ್ಟು ಹೋದ. ಮುಂದೆ ನಿಂತವರು ಹೋಗುತ್ತಾ ಬರುತ್ತಾ ಇದ್ದರು, ಬೇಸ್‌ನ ಜಾಗದಲ್ಲಿ 1994ರವರೆಗೂ ಒಬ್ಬನೇ. ಅವನ ನಂತರ ಫಂಕಡೆಲಿಕ್ ತಂಡದಲ್ಲಿ ಕೆಳಗಿನ ದನಿ ಹಾಡುತ್ತಿದ್ದ ರೇ ಡೇವಿಸ್‌ನನ್ನು ಕರೆತಂದು ಅಲ್ಲಿ ನಿಲ್ಲಿಸಿದರು.