ವಯಸ್ಸಾಗಿದ್ದು ಅಡಿಕೆ ತೋಟಕ್ಕಾ, ಮಣ್ಣಿಗಾ?

"ತೋಟ ಹಳೇದಾಯ್ತು, ಇನ್ನು ಫಸಲು ಇಷ್ಟೇ." ಮಲೆನಾಡಿನಲ್ಲಿ ಈ ಮಾತು ಈಗ ಜಾಸ್ತಿ ಕೇಳಿಸುತ್ತದೆ. ಆದರೆ ಅಡಿಕೆ ಮರ 60 ವರ್ಷ ಬಾಳುತ್ತದೆ ಅಲ್ವಾ? 30ಕ್ಕೇ ಸೋತರೆ ಬುಡದ ಮಣ್ಣನ್ನು ನೋಡಬೇಕು.

ಹಿಂದೆ ತೋಟದ ಜೊತೆ ಬೆಟ್ಟವೂ ಇರುತ್ತಿತ್ತು. ಬ್ರಿಟಿಷರ ಕಾಲದಲ್ಲಿ ಉತ್ತರ ಕನ್ನಡದಲ್ಲಿ ಎಕರೆ ತೋಟಕ್ಕೆ 9 ಎಕರೆವರೆಗೆ ಸೊಪ್ಪಿನ ಬೆಟ್ಟದ, ಅಂದರೆ ಗೊಬ್ಬರಕ್ಕೆ ಸೊಪ್ಪು ಕಡಿದು ತರುವ ಕಾಡಿನ, ಸವಲತ್ತು ಸಿಕ್ಕಿತ್ತು. ಸೊಪ್ಪು ಕೊಟ್ಟಿಗೆಗೆ, ಅಲ್ಲಿಂದ ಗೊಬ್ಬರಗುಂಡಿಗೆ, ಕೊನೆಗೆ ಮರದ ಬುಡಕ್ಕೆ.

1960ರ ದಶಕದ ನಂತರ ಚೀಲದ ರಾಸಾಯನಿಕ ಗೊಬ್ಬರ ಬಂತು. ಅದು ಬಂದದ್ದೇ ತಪ್ಪು ಎನ್ನಲಾರೆ. ಮರಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಶ್ ಅಂತ ಶಿಫಾರಸು. ಅದರ ಜೊತೆಗೇ 12 ಕೆಜಿ ಹಸಿರು ಸೊಪ್ಪು, 12 ಕೆಜಿ ಕಾಂಪೋಸ್ಟ್ ಅಂತಲೂ ಇದೆ. ದನ ಕಡಿಮೆಯಾದವು, ಸೊಪ್ಪು ಕಡಿಯಲು ಆಳು ಸಿಗಲಿಲ್ಲ, ಈ ಎರಡನೇ ಮಾತು ಎಷ್ಟೋ ತೋಟಗಳಲ್ಲಿ ಸದ್ದಿಲ್ಲದೆ ಬಿಟ್ಟುಹೋಯಿತು. 2010ರಲ್ಲಿ ಸಬ್ಸಿಡಿ ಪದ್ಧತಿ ಬದಲಾಗಿ ಪೊಟ್ಯಾಶ್ ತುಟ್ಟಿಯಾಯಿತು, ಯೂರಿಯಾ ಮಾತ್ರ ಅಗ್ಗವಾಗೇ ಉಳಿಯಿತು. ಅಡಿಕೆಗೆ ಹೆಚ್ಚು ಬೇಕಾದದ್ದು ಪೊಟ್ಯಾಶ್, ಕೈಗೆ ಸುಲಭವಾಗಿ ಸಿಕ್ಕಿದ್ದು ಯೂರಿಯಾ.

ನಮ್ಮದು ಮೊದಲೇ ಹುಳಿ ಮಣ್ಣು. ಮಳೆ ಸುಣ್ಣದ ಅಂಶವನ್ನು ತೊಳೆದುಕೊಂಡು ಹೋಗುತ್ತದೆ. ಯೂರಿಯಾ ಮಣ್ಣಿನಲ್ಲಿ ನೈಟ್ರೇಟ್ ಆಗುವಾಗ ಹುಳಿ ಇನ್ನಷ್ಟು ಏರುತ್ತದೆ. ಹುಳಿಯ ಅಳತೆ ಪಿಎಚ್ (ಕಡಿಮೆಯಾದಷ್ಟೂ ಹುಳಿ ಹೆಚ್ಚು) 5.5ಕ್ಕಿಂತ ಕೆಳಗಿಳಿದರೆ ಅಲ್ಯೂಮಿನಿಯಂ ಕರಗಿ ಬೇರಿನ ತುದಿ ಸುಡುತ್ತದೆ, ಹಾಕಿದ ರಂಜಕ ಮಣ್ಣಲ್ಲೇ ಸಿಕ್ಕಿಬೀಳುತ್ತದೆ. ಇದು ಒಂದೆರಡು ವರ್ಷದಲ್ಲಿ ಕಾಣುವುದಿಲ್ಲ, 20 ವರ್ಷ ಕೂಡಿದಾಗ ಕಾಣುತ್ತದೆ.

ಕೂಡುತ್ತಾ ಹೋಗುವುದು ಇನ್ನೊಂದಿದೆ: ತಾಮ್ರ. 1910ರ ಆಸುಪಾಸಿನಲ್ಲಿ ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್, ಮಳೆಗಾಲದಲ್ಲಿ ಅಡಿಕೆ ಕಾಯಿ ಕೊಳೆಸಿ ಉದುರಿಸುವ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ತೋರಿಸಿಕೊಟ್ಟರು. 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕೆಜಿ ಸುಣ್ಣ. ಅದು ಅಡಿಕೆ ಗೊನೆ ಉಳಿಸಿತು, ಈಗಲೂ ಉಳಿಸುತ್ತಿದೆ. ಆದರೆ ಕೆಳಗೆ ತೊಟ್ಟಿಕ್ಕಿದ ತಾಮ್ರ ಹೆಚ್ಚೂಕಡಿಮೆ ಮೇಲ್ಮಣ್ಣಲ್ಲೇ ಉಳಿಯುತ್ತದೆ, ಮಣ್ಣು ಹುಳಿಯಾದಷ್ಟೂ ಎರೆಹುಳುವಿಗೆ ಅದರ ಕಾಟ ಜಾಸ್ತಿ.

ಹಾಗಂತ ಹಳೇ ತೋಟವೆಲ್ಲ ಸತ್ತ ಮಣ್ಣಲ್ಲ. ಸೋಗೆ (ಅಡಿಕೆಯ ಗರಿ), ದರಕು (ಒಣಗಿದ ಎಲೆ) ಬುಡಕ್ಕೇ ಮರಳುತ್ತಿರುವ ತೋಟದಲ್ಲಿ ಕೈಯಲ್ಲೇ ಕೆದಕಿ ನೋಡಿ. ಕಪ್ಪು ಮಣ್ಣು ಪುಡಿಪುಡಿಯಾಗಿ ಏಳುತ್ತದೆ, ಬಿಳಿ ಬೇರು ಮೇಲೇ ಸಿಗುತ್ತದೆ. ಪಕ್ಕದಲ್ಲೇ, ಅದೇ ವಯಸ್ಸಿನ, ಬರೀ ಚೀಲ ನಂಬಿದ ತೋಟದಲ್ಲಿ ಗುದ್ದಲಿ ಠಣ್ ಅನ್ನುತ್ತದೆ.

ಮಣ್ಣು ಪರೀಕ್ಷೆಗೆ ಕೊಡುವಾಗ ಗೊಬ್ಬರ ಬೀಳುವ ಬುಡದ ಮಣ್ಣನ್ನೂ ಸಾಲಿನ ನಡುವಿನ ಮಣ್ಣನ್ನೂ ಬೇರೆ ಬೇರೆ ಪೊಟ್ಟಣ ಕಟ್ಟಿ. ಹುಳಿ ತಗ್ಗಿಸಲು ಸುಣ್ಣ ಎಷ್ಟು ಬೇಕೆಂದು ಬುಡದ ಪೊಟ್ಟಣ ಹೇಳುತ್ತದೆ.