ಮೂವತ್ತು ಪರ್ಸೆಂಟ್ ಎಂಬ ಭ್ರಮೆ

“ಮೇಡಂ, ಮೂವತ್ತು ಪರ್ಸೆಂಟ್ ಬದಲಾಯಿಸಿದೀನಿ. ಇನ್ನೇನೂ ತೊಂದರೆ ಇಲ್ಲ ಅಲ್ವಾ?”

ಸ್ವಂತವಾಗಿ ಕಾಮಿಕ್ಸ್ ಬರೆದು ಮಾರುವ ಹುಡುಗ ಹುಡುಗಿಯರ ಖಾಯಂ ಪ್ರಶ್ನೆ ಇದು. ಬೇರೆಯವರ ಪಾತ್ರವನ್ನು ಇಂತಿಷ್ಟು ಬದಲಿಸಿದರೆ ಅದು ನಕಲು ಆಗುವುದಿಲ್ಲ ಎಂಬ ನಂಬಿಕೆ ಅವರದು. ಪರ್ಸೆಂಟು ಮಾತ್ರ ಒಬ್ಬರ ಬಾಯಲ್ಲಿ ಇಪ್ಪತ್ತು, ಇನ್ನೊಬ್ಬರ ಬಾಯಲ್ಲಿ ನಲವತ್ತು. 1957ರ ಕಾಪಿರೈಟ್ ಕಾಯ್ದೆಯನ್ನು ಪೂರ್ತಿ ಜಾಲಾಡಿದರೂ ಅಂಥ ಲೆಕ್ಕ ಸಿಗದು. ಕೋರ್ಟು ಬದಲಾವಣೆಯನ್ನು ಅಳತೆಪಟ್ಟಿ ಹಿಡಿದು ಅಳೆಯುವುದಿಲ್ಲ. ನೋಡಿದವರಿಗೆ ಇದು ಅದರದೇ ನಕಲು ಅನ್ನಿಸುತ್ತದೆಯೇ ಎಂದು ಕೇಳುತ್ತದೆ.

ಇನ್ನಷ್ಟು ಬಿಡಿಸಿ ಹೇಳುತ್ತೇನೆ. ಎಷ್ಟು ಹೇಳಿದರೂ ತಲೆಗಿಳಿಯದ ಸಂಗತಿ ಇದೊಂದೇ. ಸ್ಪೈಡರ್‌ಮ್ಯಾನ್‌ನ ಕೆಂಪು ತೆಗೆದು ಹಸಿರು ಬಳಿದಿರಿ, ಎದೆಯ ಮೇಲಿನ ಜೇಡ ಅಳಿಸಿ ಚೇಳು ಕೂರಿಸಿದಿರಿ, ಮೇಲೊಂದು ಪಂಚೆ ಉಡಿಸಿದಿರಿ. ಕಾಮಿಕ್ ಕಾನ್ ಎಂಬ ಕಾಮಿಕ್ಸ್ ಮೇಳದಲ್ಲಿ ನಿಮ್ಮ ಸ್ಟಾಲಿನ ಮುಂದೆ ನಿಂತವನು ದುಡ್ಡು ಕೊಟ್ಟು ಆ ಪ್ರಿಂಟ್ ಯಾಕೆ ಕೊಂಡ? ಪಂಚೆ ಉಟ್ಟ ಸ್ಪೈಡರ್‌ಮ್ಯಾನ್ ಎಂದು ಗುರುತು ಹಿಡಿದದ್ದಕ್ಕೆ. ಆ ಗುರುತಿನಿಂದಲೇ ನಿಮ್ಮ ವ್ಯಾಪಾರ, ನಾಳೆ ನಿಮ್ಮ ವಿರುದ್ಧ ಸಾಕ್ಷಿಯೂ ಅದೇ. 1990ರ ದಶಕದಲ್ಲಿ ಹಿಂದಿ ಕಾಮಿಕ್ಸ್‌ನ ‘ನಾಗರಾಜ್’ ವಿರುದ್ಧ ‘ನಾಗೇಶ್’ ಎಂಬ ಪಾತ್ರ ಬಂದಾಗ ಪ್ರಕರಣ ದೆಹಲಿ ಹೈಕೋರ್ಟಿಗೆ ಹೋಯಿತು. ಹೆಸರು ತುಸು ಬೇರೆ. ಆದರೆ ಹಾವಿನ ಚರ್ಮದಂಥ ಅದೇ ಹಸಿರು ಮೈ, ಅದೇ ಹಾವಿನ ಶಕ್ತಿ. ನಾಗೇಶನಿಗೆ ತಡೆ ಬಿತ್ತು.

“ಎಲ್ಲ ಹಕ್ಕು ಮೂಲ ಕಂಪನಿಯದ್ದು” ಎಂದು ಕೆಳಗೆ ಸಣ್ಣಕ್ಷರದಲ್ಲಿ ಬರೆದರೆ ರಕ್ಷಣೆ ಸಿಗುವುದಿಲ್ಲ, ತಪ್ಪೊಪ್ಪಿಗೆ ಆಗುತ್ತದೆ ಅಷ್ಟೆ. ಕೈಯಾರೆ ಬರೆದದ್ದು ಎಂಬ ವಾದವೂ ನಿಲ್ಲದು. ಚಿತ್ರವನ್ನು ರೂಪಾಂತರಿಸುವ ಹಕ್ಕು, ಅದರಿಂದ ಗೊಂಬೆ ಮಾಡುವ ಹಕ್ಕು 14ನೇ ಕಲಂ ಪ್ರಕಾರ ಮಾಲೀಕರದ್ದೇ. ವಿಮರ್ಶೆ, ಅಣಕಗಳಿಗೆ 52ನೇ ಕಲಂ ಅಡಿಯಲ್ಲಿ ಸ್ವಲ್ಪ ಜಾಗ ಇರಬಹುದು. ಅದು ಆಯಾ ಪ್ರಕರಣದ ಮೇಲೆ ನಿಂತಿದೆ, ಸಾರಾಸಗಟಾಗಿ ಹೇಳಲಾಗದು. ಕಂಪನಿಗಳು ಎಷ್ಟೋ ಸಲ ಫ್ಯಾನ್ ಆರ್ಟ್ (ತಮ್ಮ ಪಾತ್ರಗಳನ್ನು ಅಭಿಮಾನಿಗಳು ಬರೆದ ಚಿತ್ರ) ಕಂಡೂ ಕಾಣದಂತೆ ಇರುತ್ತವೆ ಎನ್ನುವುದು ನಿಜ. ಸುಮ್ಮನಿದ್ದಾರೆ ಎಂದರೆ ಒಪ್ಪಿದ್ದಾರೆ ಎಂದಲ್ಲ.

ಇಷ್ಟಕ್ಕೂ ಶೈಲಿ, ಐಡಿಯಾ ಯಾರ ಸ್ವತ್ತೂ ಅಲ್ಲ. 1984ರಲ್ಲಿ ಕೆವಿನ್ ಈಸ್ಟ್‌ಮನ್, ಪೀಟರ್ ಲೇರ್ಡ್ ಇಬ್ಬರೂ ಅಂದಿನ ಜನಪ್ರಿಯ ಸೂಪರ್‌ಹೀರೋ ಕಾಮಿಕ್ಸನ್ನು ಗೇಲಿ ಮಾಡುತ್ತಲೇ ನಿಂಜಾ ಆಮೆಗಳನ್ನು ಬರೆದು, ತಾವೇ ಅಚ್ಚು ಹಾಕಿಸಿದರು. ಗೇಲಿಗೆ ಸಿಕ್ಕಿದ್ದು ಬೇರೆಯವರ ಕಾಮಿಕ್ಸು, ಆಮೆಗಳು ಮಾತ್ರ ಸ್ವಂತದ್ದು. 2009ರಲ್ಲಿ ವಯಾಕಾಮ್ ಅವನ್ನು 6 ಕೋಟಿ ಡಾಲರ್‌ಗೆ ಕೊಂಡಿತು.

ಪಾತ್ರ ಕಟ್ಟುವಾಗ ಶಕ್ತಿಯಿಂದ ಶುರು ಮಾಡಬೇಡಿ, ಕಸುಬಿನಿಂದ ಶುರು ಮಾಡಿ. ಹಾರುವವರು, ಗೋಡೆ ಹತ್ತುವವರು ಆಗಲೇ ಸಾಕಷ್ಟಿದ್ದಾರೆ. ಕವಲುಕಡ್ಡಿ ಹಿಡಿದು ಬೋರ್‌ವೆಲ್ ಜಾಗ ತೋರಿಸುವ ಒಬ್ಬ ಅಜ್ಜಿಯನ್ನು ತೆಗೆದುಕೊಂಡರೆ ಕೈಯಲ್ಲಿನ ವಸ್ತು, ಬಾಗಿದ ಬೆನ್ನು, ನಡಿಗೆ, ಶತ್ರುಗಳು ಎಲ್ಲ ತಾವಾಗಿ ಬರುತ್ತವೆ. ಆಮೇಲೆ ಪಾತ್ರಕ್ಕೆ ಪೂರ್ತಿ ಕಪ್ಪು ತುಂಬಿ ಒಂದು ಇಂಚಿಗೆ ಇಳಿಸಿ. ಬರೀ ನೆರಳಿನಲ್ಲಿ ಗುರುತು ಸಿಗದಿದ್ದರೆ ಬಣ್ಣ ಬಳಿದು ಪ್ರಯೋಜನವಿಲ್ಲ, ಆಕಾರ ತಿದ್ದಿ. ಐದು ಜನಕ್ಕೆ ತೋರಿಸಿ, “ಯಾರ ನೆನಪು ಬರುತ್ತೆ?” ಎಂದು ಕೇಳಿ. ಇಬ್ಬರು ಒಂದೇ ಹೆಸರು ಹೇಳಿದರೂ ಉಡುಪನ್ನು ಮೊದಲಿಂದ ಮಾಡಿ. ನಂತರ ಮುಂದೆ, ಪಕ್ಕ, ಹಿಂದೆ ಮೂರೂ ಕಡೆಯ ಮಾಡೆಲ್ ಶೀಟ್, ಏಳೆಂಟು ಮುಖಭಾವ, ಬಣ್ಣದ ಕೋಡ್. ಪುರಾಣದ ಹನುಮಂತ, ಘಟೋತ್ಕಚ ಎಲ್ಲರಿಗೂ ಸೇರಿದವರು, ಧಾರಾಳವಾಗಿ ಬಳಸಿ. ಆದರೆ ಅಮರ ಚಿತ್ರ ಕಥೆಯ ಘಟೋತ್ಕಚನ ಮುಖ ಎತ್ತಿಕೊಂಡರೆ ಮತ್ತೆ ಅದೇ ಕಥೆ.

ಕರಡು ಚಿತ್ರ, ಲೇಯರ್ ಇರುವ ಫೈಲ್ ಯಾವುದನ್ನೂ ಅಳಿಸಬೇಡಿ. ಜಗಳ ಬಂದ ದಿನ ಅವೇ ನಿಮ್ಮ ಪುರಾವೆ. ಕಾಪಿರೈಟ್ ಬರೆದ ಕ್ಷಣದಿಂದಲೇ ಇರುತ್ತದೆ, ನೋಂದಣಿ ಕಡ್ಡಾಯವಲ್ಲ. ಮಾಡಿಸಿದರೆ ಒಳ್ಳೆಯದು: ಸಾಮಾನ್ಯ ಕಲಾಕೃತಿಗೆ ಶುಲ್ಕ 500 ರೂಪಾಯಿ, ಬೇರೆಯವರು ಆಕ್ಷೇಪಣೆ ಸಲ್ಲಿಸಲು 30 ದಿನ. ಪಾತ್ರದ ಹೆಸರಿಗೆ ಕಾಪಿರೈಟ್ ಸಿಗದು, ಅದಕ್ಕೆ ಟ್ರೇಡ್‌ಮಾರ್ಕ್ ಬೇಕು: ಪುಸ್ತಕಕ್ಕೆ 16ನೇ ವರ್ಗ, ಟೀ ಶರ್ಟಿಗೆ 25. ಒಬ್ಬ ವ್ಯಕ್ತಿ ಆನ್‌ಲೈನ್‌ನಲ್ಲಿ ಅರ್ಜಿ ಹಾಕಿದರೆ ವರ್ಗವೊಂದಕ್ಕೆ 4500 ರೂಪಾಯಿ. ಶುಲ್ಕ ಬದಲಾಗಬಹುದು, ಕಟ್ಟುವ ಮುನ್ನ ಒಮ್ಮೆ ನೋಡಿಕೊಳ್ಳಿ.

ಇಷ್ಟೆಲ್ಲ ಕಷ್ಟಪಟ್ಟು ಹುಟ್ಟಿಸಿದ ಪಾತ್ರವನ್ನು ಒಂದು ಸಹಿಯಲ್ಲಿ ಕೊಟ್ಟುಬಿಡುವವರನ್ನು ಕಂಡರೆ ಸಂಕಟವಾಗುತ್ತದೆ. 1938ರಲ್ಲಿ ಸೀಗಲ್ ಮತ್ತು ಶುಸ್ಟರ್ ತಾವೇ ಹುಟ್ಟಿಸಿದ ಸೂಪರ್‌ಮ್ಯಾನ್ ಹಕ್ಕು ಬಿಟ್ಟುಕೊಟ್ಟದ್ದು 130 ಡಾಲರ್‌ಗೆ. ನಮ್ಮ ಕಾಯ್ದೆಯ 19ನೇ ಕಲಂ ಕಲಾವಿದರ ಪರವಾಗಿಯೇ ಇದೆ: ಹಸ್ತಾಂತರ ಲಿಖಿತವಾಗಿರಬೇಕು; ಅವಧಿ ಹೇಳದಿದ್ದರೆ ಐದು ವರ್ಷ, ಪ್ರದೇಶ ಹೇಳದಿದ್ದರೆ ಭಾರತ ಮಾತ್ರ. ಅದಕ್ಕೇ ಕರಾರಿನಲ್ಲಿ “ಶಾಶ್ವತವಾಗಿ, ಜಗತ್ತಿನಾದ್ಯಂತ” ಎಂಬ ಪದಗಳು ಕಂಡರೆ ಪೆನ್ನು ಕೆಳಗಿಡಿ. ಕಥೆ ಬರೆಯುವ ಗೆಳೆಯನೊಂದಿಗೂ ಮೊದಲ ಪುಟಕ್ಕೆ ಮುಂಚೆಯೇ ಪಾಲು ಬರೆದಿಟ್ಟುಕೊಳ್ಳಿ. ಸ್ನೇಹ ಕೆಡುತ್ತದೆ ಎನ್ನುತ್ತೀರಿ. ಬರೆಯದಿದ್ದರೇ ಬೇಗ ಕೆಡುವುದು.

ಸಂಬಳದ ಕೆಲಸದಲ್ಲಿ, ಆ ಕೆಲಸದ ಭಾಗವಾಗಿ ಬರೆದದ್ದು ಸಾಮಾನ್ಯವಾಗಿ ಮಾಲೀಕರ ಪಾಲು. ‘ಬೋಬನ್ ಮತ್ತು ಮೋಲಿ’ ಎಂಬ ಮಕ್ಕಳ ಜೋಡಿಯ ವ್ಯಂಗ್ಯಚಿತ್ರದ ವಿಷಯದಲ್ಲಿ ಮಲಯಾಳ ಮನೋರಮಾ ಪತ್ರಿಕೆಗೂ ವ್ಯಂಗ್ಯಚಿತ್ರಕಾರ ಟಾಮ್ಸ್ ಅವರಿಗೂ ವ್ಯಾಜ್ಯ ನಡೆದಾಗ ಕೇರಳ ಹೈಕೋರ್ಟ್ ಟಾಮ್ಸ್ ಕಡೆ ವಾಲಿತು. ಪತ್ರಿಕೆ ಸೇರುವ ಮೊದಲೇ ಆ ಮಕ್ಕಳಿಬ್ಬರೂ ಅವರ ಕೈಯಲ್ಲಿ ಹುಟ್ಟಿಯಾಗಿತ್ತು. ಸ್ಟುಡಿಯೋ ಸೇರುವಾಗ ನಿಮ್ಮ ಹಳೆಯ ಪಾತ್ರಗಳ ಹೆಸರು, ಮಾಡೆಲ್ ಶೀಟ್‌ಗಳನ್ನು ನೇಮಕಾತಿ ಪತ್ರಕ್ಕೆ ಅನುಬಂಧವಾಗಿ ಸೇರಿಸಿ, ಪ್ರತಿ ಪುಟಕ್ಕೂ ಸ್ಟುಡಿಯೋದವರ ಸಹಿ ಹಾಕಿಸಿಕೊಳ್ಳಿ.