28–0 ಹೇಳುವುದೆಷ್ಟು? ಕಾಲೇಜು ಫುಟ್‌ಬಾಲ್ ಕಾನ್ಫರೆನ್ಸ್‌ಗಳನ್ನು ತೂಗುವ ಬಗೆ

ಅಮೆರಿಕನ್ ಫುಟ್‌ಬಾಲ್ ಆಡುವ ಅಲ್ಲಿನ ಕಾಲೇಜು ತಂಡಗಳು ಕಾನ್ಫರೆನ್ಸ್ ಎಂಬ ಗುಂಪುಗಳಲ್ಲಿರುತ್ತವೆ. 2014ರಲ್ಲಿ ಅಂಥದೊಂದು ಗುಂಪಾದ ಎಸ್‌ಇಸಿ ಕಾನ್ಫರೆನ್ಸ್‌ನ ಪಶ್ಚಿಮ ಡಿವಿಷನ್ನಿನ ಏಳು ತಂಡಗಳು ಹೊರಗಿನವರೊಡನೆ 28 ಪಂದ್ಯ ಆಡಿ 28ನ್ನೂ ಗೆದ್ದವು. ಆಮೇಲೆ ಋತುವಿನ ಕೊನೆಯ ಬೌಲ್ ಪಂದ್ಯಗಳು ಬಂದವು. ಅದೇ ಏಳರಲ್ಲಿ ಐದು ಸೋತವು, ಎರಡು ಗೆದ್ದವು. ಅದೇ ಕಾನ್ಫರೆನ್ಸ್‌ನ ಪೂರ್ವ ಡಿವಿಷನ್ ತನ್ನ ಐದೂ ಬೌಲ್ ಪಂದ್ಯಗಳನ್ನು ಗೆದ್ದಿತು. 28–0 ನೋಡಿದವರು ಪಶ್ಚಿಮವನ್ನು ಹೊಗಳಿ ಅಟ್ಟಕ್ಕೇರಿಸುತ್ತಾರೆ. 2–5 ನೋಡಿದವರು ಅದೆಲ್ಲ ಬರೀ ಸದ್ದು ಎನ್ನುತ್ತಾರೆ. ಎರಡು ಅಂಕಿಗಳನ್ನೂ ಬಿಡಿಸಿ ನೋಡಿದರೆ ಎರಡು ತೀರ್ಪೂ ನಿಲ್ಲುವುದಿಲ್ಲ.

ಮೊದಲು ತೊಡಕು ಎಲ್ಲಿದೆ ನೋಡೋಣ. ಮೇಲಿನ ಹಂತವಾದ ಎಫ್‌ಬಿಎಸ್‌ನಲ್ಲಿ 2025ರಲ್ಲಿ 136 ತಂಡಗಳಿದ್ದವು. ಒಂದು ತಂಡಕ್ಕೆ ಸಾಮಾನ್ಯವಾಗಿ 12 ಪಂದ್ಯ. ಅದರಲ್ಲಿ ಎಂಟೋ ಒಂಬತ್ತೋ ತನ್ನದೇ ಕಾನ್ಫರೆನ್ಸ್‌ನೊಳಗೆ. ಒಳಗಿನ ಪಂದ್ಯದಲ್ಲಿ ಒಬ್ಬರ ಗೆಲುವು ಇನ್ನೊಬ್ಬರ ಸೋಲು, ಹಾಗಾಗಿ ಕಾನ್ಫರೆನ್ಸ್ ಬಲವಾಗಿರಲಿ ಸೊರಗಿರಲಿ ಒಳಗಿನ ಲೆಕ್ಕ ಸದಾ ಅರ್ಧಕ್ಕರ್ಧ. ಕಾನ್ಫರೆನ್ಸ್‌ಗಳನ್ನು ಹೋಲಿಸುವ ಮಾಹಿತಿ ಇರುವುದು ಹೊರಗಿನವರೊಡನೆ ಆಡುವ ಆ ಮೂರು ನಾಲ್ಕು ಪಂದ್ಯಗಳಲ್ಲಿ ಮತ್ತು ಬೌಲ್‌ಗಳಲ್ಲಿ ಮಾತ್ರ. ಇವನ್ನು ಸೇತುವೆ ಪಂದ್ಯ ಎನ್ನೋಣ.

ಈಗ ಆ 28ನ್ನು ಬಿಚ್ಚಿ ನೋಡಿ. ಏಳು ಪಂದ್ಯಗಳು ಕೆಳಹಂತದ ಎಫ್‌ಸಿಎಸ್ ತಂಡಗಳ ಮೇಲೆ, ಅದೂ ತವರು ಮೈದಾನದಲ್ಲಿ. ಹದಿನೇಳು ಪಂದ್ಯಗಳು ಸಣ್ಣ ಕಾನ್ಫರೆನ್ಸ್‌ಗಳ ತಂಡಗಳ ಮೇಲೆ. ಉಳಿದದ್ದು ನಾಲ್ಕು: ಅಲಬಾಮಾ 33–23ರಲ್ಲಿ ವೆಸ್ಟ್ ವರ್ಜೀನಿಯಾವನ್ನು, ಎಲ್‌ಎಸ್‌ಯು 28–24ರಲ್ಲಿ ವಿಸ್ಕಾನ್ಸಿನ್ನನ್ನು, ಆಬರ್ನ್ 20–14ರಲ್ಲಿ ಕಾನ್ಸಾಸ್ ಸ್ಟೇಟನ್ನು, ಆರ್ಕನ್ಸಾ 49–28ರಲ್ಲಿ ಟೆಕ್ಸಾಸ್ ಟೆಕ್ಕನ್ನು ಸೋಲಿಸಿದವು. ಮೊದಲೆರಡು ತಟಸ್ಥ ಮೈದಾನದಲ್ಲಿ, ಕೊನೆಯ ಎರಡು ಎದುರಾಳಿಯ ಊರಲ್ಲಿ. ಸರಾಸರಿ ಅಂತರ ಹತ್ತು ಅಂಕಕ್ಕೆ ಸ್ವಲ್ಪ ಮೇಲು. ಇದು ನಿಜವಾದ ಸಾಧನೆ. ಆದರೆ ಸಾಕ್ಷ್ಯ ಎನ್ನಬಹುದಾದ್ದು 28 ಪಂದ್ಯವಲ್ಲ, ಹೆಚ್ಚುಕಡಿಮೆ ಈ ನಾಲ್ಕೇ.

ಬೌಲ್‌ಗಳನ್ನೂ ಹಾಗೆಯೇ ಬಿಚ್ಚಬೇಕು. ಐದು ಸೋಲುಗಳ ಅಂತರ 7, 39, 15, 3, 3. ಎರಡು ಗೆಲುವುಗಳದ್ದು 24 ಮತ್ತು 8. ಕೂಡಿ ಕಳೆದರೆ ಮೈನಸ್ 35, ಪಂದ್ಯಕ್ಕೆ ಮೈನಸ್ 5. ಆ 39 ಅಂಕದ್ದು ಟಿಸಿಯು ಎದುರು ಓಲ್ ಮಿಸ್ 42–3ರಲ್ಲಿ ಸೋತ ಒಂದೇ ಪಂದ್ಯ. ಅದನ್ನು ಬದಿಗಿಟ್ಟರೆ ಉಳಿದ ಆರರ ಮೊತ್ತ ಪ್ಲಸ್ 4. ಅದನ್ನು ಲೆಕ್ಕದಿಂದಲೇ ತೆಗೆಯಿರಿ ಎನ್ನುತ್ತಿಲ್ಲ. ಇಡೀ ತೀರ್ಪು ಎಷ್ಟು ತೆಳುವಾದ ದಾರದ ಮೇಲೆ ನಿಂತಿದೆ ಎಂಬುದು ಕಾಣಬೇಕು.

ದಾರ ಎಷ್ಟು ತೆಳು ಎಂದು ಅಳೆಯಲು ಒಂದು ಸಂಖ್ಯೆ ನೆನಪಿಟ್ಟರೆ ಸಾಕು: 16. ಒಳ್ಳೆಯ ರೇಟಿಂಗ್ (ತಂಡದ ಬಲವನ್ನು ಅಂಕಗಳಲ್ಲಿ ಹೇಳುವ ಸಂಖ್ಯೆ) ಹೇಳುವ ಅಂತರಕ್ಕೂ ಮೈದಾನದಲ್ಲಿ ಬರುವ ಅಂತರಕ್ಕೂ ಇರುವ ವ್ಯತ್ಯಾಸದ ಪ್ರಮಾಣಿತ ವಿಚಲನ, ಅಂದರೆ ಸಾಮಾನ್ಯ ಏರಿಳಿತದ ಅಳತೆ, ಕಾಲೇಜು ಫುಟ್‌ಬಾಲ್‌ನಲ್ಲಿ ಸುಮಾರು 16 ಅಂಕ. ಅದನ್ನು ಪಂದ್ಯಗಳ ಸಂಖ್ಯೆಯ ವರ್ಗಮೂಲದಿಂದ ಭಾಗಿಸಿದರೆ ಸರಾಸರಿ ಅಂತರದಲ್ಲಿ ಇರಬಹುದಾದ ತಪ್ಪು ಸಿಗುತ್ತದೆ. ನಾಲ್ಕು ಪಂದ್ಯಕ್ಕೆ 8 ಅಂಕ, ಏಳು ಪಂದ್ಯಕ್ಕೆ 6 ಅಂಕ. ಪಶ್ಚಿಮದ ತಂಡಗಳು ಎದುರಾಳಿಗಳಿಗಿಂತ 5 ಅಂಕ ಮೇಲು ಎಂದು ನಂಬಿದವರಿಗೂ ಬೌಲ್‌ಗಳಲ್ಲಿ ಕಂಡ ವ್ಯತ್ಯಾಸ 10 ಅಂಕ, ಅಂದರೆ ಆ 6 ಅಂಕದ ಎರಡು ಪಟ್ಟಿಗಿಂತ ಕಡಿಮೆ; ಅಷ್ಟು ಆಕಸ್ಮಿಕವಾಗಿಯೂ ಬರಬಹುದು. ಅಂದಾಜನ್ನು ತುಸು ಇಳಿಸಲು ಇದು ಸಾಕು, ಬಿಸಾಡಲು ಸಾಲದು. ತಪ್ಪನ್ನು 2 ಅಂಕಕ್ಕೆ ಇಳಿಸಬೇಕಾದರೆ 64 ಸೇತುವೆ ಪಂದ್ಯ ಬೇಕು. ಎರಡೇ ಕಾನ್ಫರೆನ್ಸ್‌ಗಳ ನಡುವೆ ಒಂದು ಋತುವಿನಲ್ಲಿ ಅಷ್ಟು ಪಂದ್ಯ ಎಂದೂ ನಡೆಯುವುದಿಲ್ಲ.

ಆದ್ದರಿಂದಲೇ ಎಲ್ಲ ತಂಡಗಳನ್ನೂ ಒಂದೇ ಲೆಕ್ಕದಲ್ಲಿ ಕಟ್ಟುವ ರೇಟಿಂಗ್ ಬೇಕಾಗುತ್ತದೆ. ಸ್ಪ್ರೆಡ್‌ಶೀಟ್‌ನಲ್ಲಿ ಒಂದು ಪಂದ್ಯಕ್ಕೆ ಒಂದು ಸಾಲು, ಒಂದು ತಂಡಕ್ಕೆ ಒಂದು ಕಾಲಮ್. ಆತಿಥೇಯ ತಂಡಕ್ಕೆ +1, ಅತಿಥಿಗೆ −1. ಫಲಿತಾಂಶದ ಕಾಲಮ್‌ನಲ್ಲಿ ಆತಿಥೇಯರ ಅಂಕಗಳಿಂದ ಅತಿಥಿಗಳದ್ದನ್ನು ಕಳೆದು ಬಂದ ಅಂತರ. ತವರು ಮೈದಾನವಾದರೆ ಅದರಿಂದ 2.5 ಅಂಕ ಕಳೆಯಿರಿ, ತಟಸ್ಥವಾದರೆ ಬೇಡ. 28 ಅಂಕ ದಾಟಿದ ಅಂತರವನ್ನು 28ಕ್ಕೇ ನಿಲ್ಲಿಸಿ, ಯಾಕೆಂದರೆ ಆಮೇಲಿನ ಅಂಕಗಳು ಬರುವುದು ಎರಡನೇ ಸಾಲಿನ ಆಟಗಾರರು ಮೈದಾನಕ್ಕಿಳಿದ ಮೇಲೆ. ಎಲ್ಲ ರೇಟಿಂಗ್‌ಗಳ ಮೊತ್ತ ಸೊನ್ನೆ ಎಂಬ ಒಂದು ಸಾಲು ಸೇರಿಸಿ, ಕನಿಷ್ಠ ವರ್ಗ ವಿಧಾನದಿಂದ (ತಪ್ಪುಗಳ ವರ್ಗಗಳ ಮೊತ್ತ ಅತಿ ಕಡಿಮೆಯಾಗುವಂತೆ) ಬಿಡಿಸಿದರೆ ಪ್ರತಿ ತಂಡದ ಬಲ ಅಂಕಗಳಲ್ಲಿ ಸಿಗುತ್ತದೆ. ಅಂತರವನ್ನು ಪೂರ್ತಿ ಬಿಟ್ಟು ಗೆಲುವು ಸೋಲು ಮಾತ್ರ ಎಣಿಸುವ ದಾರಿಯೂ ಇದೆ; ಆಗ ರಾಷ್ಟ್ರೀಯ ಪ್ರಶಸ್ತಿ ಪಂದ್ಯಕ್ಕೆ ತಂಡಗಳನ್ನು ಆರಿಸುತ್ತಿದ್ದ ಬಿಸಿಎಸ್ ವ್ಯವಸ್ಥೆ 2002ರಿಂದ ತನ್ನ ಕಂಪ್ಯೂಟರ್ ರ‍್ಯಾಂಕಿಂಗ್‌ಗಳಿಗೆ ಅದನ್ನೇ ಕಡ್ಡಾಯ ಮಾಡಿತು. ದುರ್ಬಲರ ಮೇಲೆ ಅಂಕ ಪೇರಿಸುವುದಕ್ಕೆ ಆಸೆ ಇರಬಾರದೆಂಬ ಉದ್ದೇಶ ಸರಿಯೇ. ಆದರೆ ಸೇತುವೆಗಳೇ ಕಡಿಮೆ ಇರುವ ಆಟದಲ್ಲಿ ಒಂದು ಅಂಕದ ಗೆಲುವನ್ನೂ ನಲವತ್ತರ ಗೆಲುವನ್ನೂ ಒಂದೇ ಎನ್ನುವುದು ಕೈಲಿದ್ದ ಮಾಹಿತಿಯನ್ನು ಚೆಲ್ಲಿದಂತೆ.

ಇಲ್ಲಿ ಲೆಕ್ಕ ಕೆಡುವ ಜಾಗಗಳು ಗೊತ್ತಿರಬೇಕು. ಎಫ್‌ಸಿಎಸ್ ತಂಡಗಳನ್ನೆಲ್ಲ ಸೇರಿಸಿ ಒಂದೇ ತಂಡವೆಂದು ಬರೆಯುವುದು ಸುಲಭದ ದಾರಿ, ಅದೇ ದೊಡ್ಡ ತಪ್ಪು. 2007ರಲ್ಲಿ ಮಿಷಿಗನ್ನನ್ನು ಅದರ ಮೈದಾನದಲ್ಲೇ 34–32ರಲ್ಲಿ ಸೋಲಿಸಿದ ಅಪಲಾಚಿಯನ್ ಸ್ಟೇಟ್ ಆಗ ಎಫ್‌ಸಿಎಸ್‌ನ ಚಾಂಪಿಯನ್. 2020ರಲ್ಲಿ ಇನ್ನೂ ಕಷ್ಟ: ಕೋವಿಡ್‌ನಿಂದಾಗಿ ಎಸ್‌ಇಸಿ, ಬಿಗ್ ಟೆನ್ ಕಾನ್ಫರೆನ್ಸ್‌ಗಳೆರಡೂ ಬೌಲ್‌ಗಳವರೆಗೆ ತಮ್ಮೊಳಗೇ ಆಡಿದವು. ಸೇತುವೆ ಒಂದೂ ಇಲ್ಲದಾಗ ಸಮೀಕರಣಕ್ಕೆ ಒಂದೇ ಉತ್ತರ ಇರುವುದಿಲ್ಲ. ಒಂದು ಕಾನ್ಫರೆನ್ಸ್‌ನ ಎಲ್ಲ ತಂಡಗಳಿಗೂ ಹತ್ತು ಅಂಕ ಸೇರಿಸಿದರೂ ಲೆಕ್ಕ ಹೊಂದುತ್ತದೆ. ಆ ವರ್ಷ ಎರಡನ್ನೂ ಹೋಲಿಸಿದ ಪಟ್ಟಿಗಳೆಲ್ಲ ಹಿಂದಿನ ವರ್ಷಗಳ ಬಲವನ್ನೋ ಆಟಗಾರರ ನೇಮಕಾತಿಯನ್ನೋ ರ‍್ಯಾಂಕಿಂಗ್‌ಗೆ ಮತ ಹಾಕುವವರ ಅಭಿಪ್ರಾಯವನ್ನೋ ಎರವಲು ತಂದಿರಲೇಬೇಕು.

ಬೌಲ್ ಪಂದ್ಯಗಳನ್ನು ಸೇತುವೆಯಾಗಿ ಬಳಸುವಾಗ ಯಾರು ಆಡಿದರು ಎಂದು ನೋಡದೆ ಬರೆಯಬೇಡಿ. 2023ರ ಡಿಸೆಂಬರ್ 30ರಂದು ಆರೆಂಜ್ ಬೌಲ್‌ನಲ್ಲಿ ಜಾರ್ಜಿಯಾ 63–3ರಲ್ಲಿ ಫ್ಲಾರಿಡಾ ಸ್ಟೇಟನ್ನು ಸೋಲಿಸಿತು. ಅಲ್ಲಿಯವರೆಗೆ 13–0 ಇದ್ದ ಫ್ಲಾರಿಡಾ ಸ್ಟೇಟ್‌ನ ಇಪ್ಪತ್ತಕ್ಕೂ ಹೆಚ್ಚು ಆಟಗಾರರು ಅಂದು ಕಣದಲ್ಲಿರಲಿಲ್ಲ. ಅದನ್ನು ಫ್ಲಾರಿಡಾ ಸ್ಟೇಟ್ ಇರುವ ಎಸಿಸಿ ಮತ್ತು ಜಾರ್ಜಿಯಾ ಇರುವ ಎಸ್‌ಇಸಿ ಕಾನ್ಫರೆನ್ಸ್‌ಗಳ ನಡುವಿನ ಅಂತರವೆಂದು ಬರೆದರೆ ಅನ್ಯಾಯ.

ರೇಟಿಂಗ್ ಕೈಗೆ ಬಂದ ಮೇಲೆ ಹೆಚ್ಚಿನವರು ಕಾನ್ಫರೆನ್ಸ್‌ನ ಸರಾಸರಿ ತೆಗೆದು ಮುಗಿಸುತ್ತಾರೆ. ಯಾರಿಗೆ ಕಠಿಣ ಎಂದು ಕೇಳದೆ ಆ ಸರಾಸರಿಗೆ ಅರ್ಥವಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ನಾಲ್ಕು ನಾಲ್ಕು ತಂಡಗಳ ಎರಡು ಗುಂಪು ತೆಗೆದುಕೊಳ್ಳಿ. ಮೊದಲನೆಯದರ ರೇಟಿಂಗ್ 24, 20, −4, −8. ಎರಡನೆಯದರದ್ದು 12, 9, 7, 4. ಎರಡಕ್ಕೂ ಸರಾಸರಿ 8. ರೇಟಿಂಗ್ 22 ಇರುವ ಬಲಿಷ್ಠ ತಂಡವೊಂದು ತಟಸ್ಥ ಮೈದಾನದಲ್ಲಿ ಮೊದಲ ಗುಂಪಿನ ನಾಲ್ವರನ್ನೂ ಸೋಲಿಸುವ ಸಾಧ್ಯತೆ, ಆ 16ರ ಲೆಕ್ಕದಲ್ಲಿ, ಸುಮಾರು 23 ಶೇಕಡಾ. ಎರಡನೆಯದರಲ್ಲಿ ಸುಮಾರು 42. ರೇಟಿಂಗ್ 5ರ ಸಾಧಾರಣ ತಂಡಕ್ಕೆ ಇದು ತಿರುವುಮುರುವು: ಮೊದಲ ಗುಂಪಿನಿಂದ ನಿರೀಕ್ಷಿಸಬಹುದಾದ ಗೆಲುವು 1.8, ಎರಡನೆಯದರಿಂದ 1.7. ಪ್ರಶಸ್ತಿಯ ಹಾದಿಯಲ್ಲಿರುವವರಿಗೆ ಮೊದಲ ಗುಂಪು ಬಹಳ ಕಠಿಣ. ಬೌಲ್‌ಗೆ ಬೇಕಾದ ಆರು ಗೆಲುವಿಗಾಗಿ ಹೆಣಗುವವರಿಗೆ ಎರಡನೆಯದು ತುಸು ಕಠಿಣ.

ಬಿಗ್ ಟೆನ್‌ನಲ್ಲಿ ಪೂರ್ವ ಪಶ್ಚಿಮ ಡಿವಿಷನ್‌ಗಳಿದ್ದ 2014ರಿಂದ 2023ರವರೆಗಿನ ಹತ್ತು ವರ್ಷ ಪ್ರಶಸ್ತಿ ಪಂದ್ಯವನ್ನು ಹತ್ತಕ್ಕೆ ಹತ್ತೂ ಪೂರ್ವವೇ ಗೆದ್ದಿತು. ಅದು ಹೇಳುವುದು ಓಹಾಯೊ ಸ್ಟೇಟ್, ಮಿಷಿಗನ್, ಪೆನ್ ಸ್ಟೇಟ್, ಮಿಷಿಗನ್ ಸ್ಟೇಟ್ ಇದ್ದ ಮೇಲ್ತುದಿಯ ಬಗ್ಗೆ. ಅದೇ ಡಿವಿಷನ್‌ನಲ್ಲಿ ಕೆಳಗಿದ್ದ ರಟ್ಗರ್ಸ್ ಬಗ್ಗೆ ಅದು ಒಂದಕ್ಷರವೂ ಹೇಳುವುದಿಲ್ಲ. ಹೀಗಾಗಿ ಒಂದೇ ಸಂಖ್ಯೆ ಕೊಡುವ ಬದಲು ಮೇಲಿನ ಮೂವರ ಸರಾಸರಿ, ಮಧ್ಯಾಂಕ (ಕ್ರಮವಾಗಿ ಜೋಡಿಸಿದಾಗ ನಟ್ಟನಡುವಿನ ರೇಟಿಂಗ್), ಕೆಳಗಿನ ಮೂವರ ಸರಾಸರಿ ಈ ಮೂರನ್ನೂ ಪಕ್ಕಪಕ್ಕ ಬರೆಯಿರಿ.

ಗೆಲುವು ಸೋಲಿನ ಪಟ್ಟಿ ಓದುವಾಗ ಇನ್ನೊಂದು ತಿದ್ದುಪಡಿ ಬೇಕು. 16 ತಂಡಗಳ ಕಾನ್ಫರೆನ್ಸ್ ತಲಾ ಎಂಟು ಒಳಪಂದ್ಯ ಆಡಿದರೆ ಒಟ್ಟು 64 ಸೋಲು, ಒಂಬತ್ತು ಆಡಿದರೆ 72. ಆ ಎಂಟು ಹೆಚ್ಚುವರಿ ಸೋಲುಗಳು ಯಾರು ಎಷ್ಟೇ ಚೆನ್ನಾಗಿ ಆಡಿದರೂ ತಪ್ಪುವುದಿಲ್ಲ. ಬಿಗ್ ಟೆನ್, ಬಿಗ್ 12 ಒಂಬತ್ತು ಆಡುತ್ತಾ ಬಂದವು. ಎಸ್‌ಇಸಿ ಎಂಟರಲ್ಲೇ ಇದ್ದು 2026ರಿಂದ ಒಂಬತ್ತಕ್ಕೆ ಹೋಗುವುದಾಗಿ 2025ರಲ್ಲಿ ನಿರ್ಧರಿಸಿತು. ಹಾಗಾಗಿ 2025 ಮತ್ತು 2026ರ ಎಸ್‌ಇಸಿ ಪಟ್ಟಿಗಳನ್ನು ಪಕ್ಕದಲ್ಲಿಟ್ಟಾಗ, ಎರಡನೆಯದರಲ್ಲಿ ಹೆಚ್ಚಾಗಿ ಕಾಣುವ ಮೊದಲ ಎಂಟು ಸೋಲುಗಳನ್ನು ದೌರ್ಬಲ್ಯದ ಖಾತೆಗೆ ಬರೆಯಬೇಡಿ.